ಇನ್ನೊಂದು ಹೆಸರು ಬರೆಸಿ ಮಾರಾಯ್ರೆ

ನಿಮ್ಮ ಮಗ ಹಬ್ಬಕ್ಕೆ ಬೆಂಗಳೂರಿನಿಂದ ಬಾಡಿಗೆ ಕಾರು ತೆಗೆದುಕೊಂಡು ಬರ್ತಾನೆ ಅಂದಿರಲ್ಲ, ಒಳ್ಳೆಯದಾಯ್ತು. ಹಬ್ಬದ ಸಮಯ ಬಸ್ಸಲ್ಲಿ ಸೀಟು ಸಿಗುವುದಿಲ್ಲ, ಸಣ್ಣ ಮಕ್ಕಳು ಬೇರೆ. ಭಾವನೂ ಒಟ್ಟಿಗೆ ಇದ್ದಾನೆ, ಇವನಿಗೆ ಸುಸ್ತಾದರೆ ಅವ ಬಿಡ್ತಾನೆ ಅಂತಲೂ ಹೇಳಿದಿರಿ. ಆ ಮಾತು ಕೇಳಿಯೇ ಕತ್ತಿ ಕೆಳಗಿಟ್ಟು ಬೇಲಿ ಹತ್ತಿರ ಬಂದದ್ದು. ಆ ಭಾವನ ಹೆಸರು ಕಾರಿನ ಕಾಗದದಲ್ಲಿ ಉಂಟಾ?

ಇಬ್ಬರು ಬಿಡುವುದು ತಪ್ಪು ಅಂತ ನಾನು ಹೇಳುವುದಲ್ಲ. ಇಬ್ಬರು ಬೇಕೇ ಬೇಕು. ಬೆಂಗಳೂರಿನಿಂದ ನಮ್ಮ ಕೊಕ್ಕಡಕ್ಕೆ ಸುಮಾರು 300 ಕಿಲೋಮೀಟರ್. ಹಾಸನದವರೆಗೆ ಹೇಗೋ ಆಗ್ತದೆ. ಸಕಲೇಶಪುರದಲ್ಲಿ ಚಾ ಕುಡಿಯಲು ಇಳಿದಾಗ ಕಣ್ಣು ಎಳೆಯಲು ಶುರುವಾಗ್ತದೆ. ಅಲ್ಲಿಯೇ ಕೀ ಒಂದು ಕೈಯಿಂದ ಇನ್ನೊಂದು ಕೈಗೆ ಹೋಗುವುದು. ಮುಂದೆ ದೋಣಿಗಲ್, ಮಾರನಹಳ್ಳಿ, ಶಿರಾಡಿಯ ತಿರುವುಗಳು. ಎದುರಿನಿಂದ ಸಾಲು ಸಾಲು ಟ್ಯಾಂಕರ್, ಮಳೆಯಿದ್ದರೆ ಮಂಜು ಬೇರೆ. ಗುಂಡ್ಯ ದಾಟಿ ಪೆರಿಯಶಾಂತಿಯಲ್ಲಿ ಹೆದ್ದಾರಿ ಬಿಟ್ಟು ನಮ್ಮ ದಾರಿಗೆ ತಿರುಗುವವರೆಗೂ ಮೈಯೆಲ್ಲ ಕಣ್ಣಾಗಿರಬೇಕು. ಈಗ ನೋಡಿ, ಇಡೀ ದಾರಿಯ ಕಷ್ಟದ ತುಂಡನ್ನು ಬಿಡುವವನೇ ಕಾಗದದಲ್ಲಿ ಹೆಸರಿಲ್ಲದ ಮನುಷ್ಯ!

ನಮಗೆ ಈ ಅಭ್ಯಾಸ ಬಂದದ್ದು ಸ್ವಂತ ಕಾರಿನಿಂದ. ನಮ್ಮ ಕಾರಿನ ಇನ್ಶೂರೆನ್ಸ್ ಪಾಲಿಸಿಯಲ್ಲಿ ಊರ್ಜಿತ ಲೈಸೆನ್ಸ್ ಇರುವ ಯಾರು ಬೇಕಾದರೂ ಬಿಡಬಹುದು ಅಂತ ಇರ್ತದೆ. ಹಾಗಾಗಿ ತಮ್ಮ, ಭಾವ, ಆಚೆಮನೆಯ ಹುಡುಗ, ಯಾರಿಗೆ ಕೀ ಕೊಟ್ಟರೂ ಯಾರೂ ಕೇಳುವುದಿಲ್ಲ. ಬಾಡಿಗೆ ಕಾರಿಗೆ ಪಾಲಿಸಿಯ ಜೊತೆ ಕಂಪೆನಿಯ ಒಪ್ಪಂದ ಅಂತ ಇನ್ನೊಂದು ಕಾಗದ ಉಂಟು. ಕಾರನ್ನು ಯಾರು ಬಿಡಬಹುದು ಅಂತ ಅದರಲ್ಲಿ ಹೆಸರು ಹಾಕಿಯೇ ಬರೆದಿರ್ತದೆ. ಲೈಸೆನ್ಸ್ ಇದ್ದರೆ ಸಾಲದು, ಹೆಸರೂ ಇರಬೇಕು.

ಹೆಸರು ಸೇರಿಸುವುದು ದೊಡ್ಡ ಕೆಲಸವೇನಲ್ಲ. ಕಾರು ಕೈಗೆ ಬರುವ ಮೊದಲೇ ಎರಡನೆಯವರ ಲೈಸೆನ್ಸ್ ತೋರಿಸಬೇಕು. ಫೋಟೋ ಮುಖಕ್ಕೆ ಹೊಂದಬೇಕು, ಅವಧಿ ಮುಗಿದಿರಬಾರದು, ಲಘು ವಾಹನ ಅಂತ ನಮೂದಾಗಿರಬೇಕು, ಕಲಿಯುವವರ ಎಲ್‌ಎಲ್ ಆಗುವುದಿಲ್ಲ. ಕಾನೂನಿನ ಪ್ರಕಾರ 18 ತುಂಬಿದರೆ ಸಾಕು, ಆದರೆ 21 ಆಗಲೇಬೇಕು ಅನ್ನುವ ಕಂಪೆನಿಗಳೂ ಉಂಟು. ಕೆಲವರು ಇದಕ್ಕೆ ಸ್ವಲ್ಪ ಹಣ ತೆಗೆದುಕೊಳ್ತಾರೆ, ಕೆಲವರು ತೆಗೆದುಕೊಳ್ಳುವುದಿಲ್ಲ. ಹಣ ಆದರೂ ಕೊಡಿ. ದಾರಿ ಮಧ್ಯೆ ಸೇರಿಸುವ ಅಂದರೆ ಘಾಟಿಯಲ್ಲಿ ಮೊಬೈಲಿಗೆ ನೆಟ್‌ವರ್ಕ್ ಸಿಗಬೇಕಲ್ಲ!

ಬಾಡಿಗೆ ಕಾರಿಗೆ ಟ್ಯಾಕ್ಸಿಯವರ ಹಾಗೆ ಬೇರೆ ಲೈಸೆನ್ಸ್ ಬೇಕಾ ಅಂತ ನೀವು ಕೇಳಬಹುದು. ಬೇಡ. 1988ರ ಮೋಟಾರು ವಾಹನ ಕಾಯ್ದೆಯ 3ನೇ ಸೆಕ್ಷನ್ನಿನಲ್ಲಿಯೇ ಅದಕ್ಕೆ ವಿನಾಯಿತಿ ಉಂಟು. ಬಾಡಿಗೆ ಯೋಜನೆಯಲ್ಲಿ ತೆಗೆದುಕೊಂಡ ಕಾರನ್ನು ಸ್ವಂತ ಉಪಯೋಗಕ್ಕೆ ಬಿಡಲು ನಮ್ಮ ಸಾದಾ ಲೈಸೆನ್ಸೇ ಸಾಕು.

ಇನ್ನು ಎಲ್ಲಾದರೂ ತಾಗಿತು ಅಂತ ಇಟ್ಟುಕೊಳ್ಳಿ. ಪೆಟ್ಟಾದವರಿಗೆ ಪರಿಹಾರ ಸಿಗುವ ದಾರಿಯನ್ನು ಕಾನೂನು ಭದ್ರ ಮಾಡಿದೆ, ಅದು ಒಳ್ಳೆಯದೇ. ಬಿಟ್ಟವನಿಗೆ ಲೈಸೆನ್ಸೇ ಇರಲಿಲ್ಲ ಅಂತಾದರೆ ವಿಮಾ ಕಂಪೆನಿ ಮೊದಲು ಸಂತ್ರಸ್ತರಿಗೆ ಕೊಟ್ಟು, ಆಮೇಲೆ ಮಾಲೀಕನಿಂದ ವಸೂಲು ಮಾಡಬಹುದು ಅಂತ ಸುಪ್ರೀಂ ಕೋರ್ಟ್ 2004ರಲ್ಲಿ ಸ್ವರಣ್ ಸಿಂಗ್ ಪ್ರಕರಣದಲ್ಲಿ ಹೇಳಿದೆ. ಕಾರಿನ ಜಖಂ ಮಾತ್ರ ಬೇರೆ ಲೆಕ್ಕ. ಸಾಮಾನ್ಯವಾಗಿ ಗಿರಾಕಿ ಇಂತಿಷ್ಟರವರೆಗೆ ಕೊಟ್ಟರೆ ಸಾಕು ಅಂತ ಒಪ್ಪಂದದಲ್ಲಿ ಮಿತಿ ಇರ್ತದೆ. ಹೆಸರಿಲ್ಲದವ ಬಿಡುತ್ತಿದ್ದ ಅಂತ ಗೊತ್ತಾದರೆ ಆ ಮಿತಿ ಹೋಯಿತು. ಬಂಪರಿನಿಂದ ಹಿಡಿದು ಬಾಗಿಲಿನವರೆಗೆ ಪೂರ್ತಿ ಬಿಲ್ಲು ಕಾರು ತೆಗೆದುಕೊಂಡವನ ತಲೆ ಮೇಲೆ. ಬಿಟ್ಟದ್ದು ಭಾವ, ತೆರುವುದು ನಿಮ್ಮ ಮಗ. ಆಮೇಲೆ ಒಂದೇ ಪಂಕ್ತಿಯಲ್ಲಿ ಕೂತು ಉಂಡರೂ ಇಬ್ಬರ ನಡುವೆ ಮಾತಿರುವುದಿಲ್ಲ.

ಹೊರದೇಶದಲ್ಲಿಯೂ ಇದೇ ಕಥೆ. ನಮ್ಮೂರಿನ ಎಷ್ಟು ಮಕ್ಕಳು ಅಮೆರಿಕದಲ್ಲಿಲ್ಲ ಹೇಳಿ! ಕ್ಯಾಲಿಫೋರ್ನಿಯಾದ ಕಾನೂನಿನಲ್ಲಿ ಕಾರು ಬಾಡಿಗೆಗೆ ತೆಗೆದುಕೊಂಡವರ ಗಂಡ ಅಥವಾ ಹೆಂಡತಿಗೆ ಲೈಸೆನ್ಸೂ ಕಂಪೆನಿ ಹೇಳಿದ ವಯಸ್ಸೂ ಇದ್ದರೆ ಅವರೂ ಅಧಿಕೃತ ಚಾಲಕರೇ. ಅಣ್ಣ, ಭಾವ, ಊರಿನಿಂದ ಹೋದ ಅಪ್ಪ ಆ ಲೆಕ್ಕಕ್ಕೆ ಬರುವುದಿಲ್ಲ, ಅವರ ಹೆಸರು ಬರೆಸಲೇಬೇಕು. ಇಲ್ಲಿಂದ ಹೋಗಿ ಅಲ್ಲಿ ಕಾರು ಬಿಡುವ ಆಸೆ ಇದ್ದರೆ ಅಂತರರಾಷ್ಟ್ರೀಯ ಪರ್ಮಿಟ್ಟನ್ನು ಹೊರಡುವ ಮೊದಲೇ ನಮ್ಮ ಪುತ್ತೂರು ಆರ್‌ಟಿಒದಲ್ಲಿ ಮಾಡಿಸಿಕೊಳ್ಳುವುದು ಒಳ್ಳೆಯದು. ಒಂದು ವರ್ಷ ನಡೀತದೆ.

ಹೆಸರಿನ ಮಾತು ಹೇಳುವಾಗ ಬೋರ್ಡಿನ ಮಾತೂ ಹೇಳಬೇಕು. ನಿಮ್ಮ ಮಗ ತರುವ ಕಾರಿನ ನಂಬರ್ ಪ್ಲೇಟು ಕಪ್ಪು, ಅಕ್ಷರ ಹಳದಿ ಇರಬೇಕು. ನಾವೇ ಬಿಡುವ ಬಾಡಿಗೆ ಕಾರಿನ ಗುರುತು ಅದು. 1989ರ ಬಾಡಿಗೆ ಕಾರಿನ ಯೋಜನೆಯಂತೆ ಇದಕ್ಕೆ ಪರವಾನಗಿ ಸಿಗಬೇಕಾದರೆ ಕಂಪೆನಿಯ ಹತ್ತಿರ ಕನಿಷ್ಠ 50 ಕಾರು ಇರಬೇಕು. ಊರಿನಲ್ಲಿ ಪರಿಚಯದವರ ಬಿಳಿ ಬೋರ್ಡಿನ ಕಾರನ್ನು ದಿನಕ್ಕೆ ಇಷ್ಟು ಅಂತ ಮಾತಾಡಿ ತೆಗೆದುಕೊಂಡು ಹೋಗುವುದುಂಟಲ್ಲ, ಅಲ್ಲಿ ಒಂದನೆಯ ಹೆಸರಿಗೇ ಜಾಗವಿಲ್ಲ, ಎರಡನೆಯದು ಹೇಗೆ ಬರಬೇಕು? ಖಾಸಗಿ ಕಾರಿನ ಪಾಲಿಸಿ ಬಾಡಿಗೆ ಓಡಾಟಕ್ಕೆ ಹೊಂದುವುದೂ ಇಲ್ಲ. ಸಂಕಟ ಬಂದಾಗ ಕೊಟ್ಟವರೂ ಕಷ್ಟಕ್ಕೆ, ತೆಗೆದುಕೊಂಡವರೂ ಕಷ್ಟಕ್ಕೆ.

ಊರಿಗೆ ಮುಟ್ಟಿದ ಮೇಲೆಯೂ ಜಾಗ್ರತೆ ಬೇಕು. ಹೊಸ ಕಾರು ಅಂಗಳದಲ್ಲಿ ಕಂಡರೆ ನಮ್ಮ ಹುಡುಗರ ಕೈ ಸುಮ್ಮನಿರುವುದಿಲ್ಲ. ಸೌತಡ್ಕ ಗಣಪತಿ ಕ್ಷೇತ್ರಕ್ಕೆ ಒಂದು ರೌಂಡ್ ಹೋಗಿ ಬರ್ತೇವೆ ಅಂತಾರೆ. ಮೂರೇ ಕಿಲೋಮೀಟರ್ ಅಲ್ವಾ ಅಂತ ನಾವೂ ಕೊಟ್ಟುಬಿಡ್ತೇವೆ. ಗಣಪತಿ ಬಯಲಿನಲ್ಲಿಯೇ ಕೂತಿದ್ದಾನೆ, ಹಗಲು ರಾತ್ರಿ ದರ್ಶನ ಕೊಡ್ತಾನೆ, ನಡೆದುಕೊಂಡು ಹೋದರೂ ಸಿಗ್ತಾನೆ. ಕೀ ಸಿಕ್ಕಿದ ಹುಡುಗನಿಗೆ ಲೈಸೆನ್ಸೇ ಇಲ್ಲದಿದ್ದರೆ ಇನ್ನೂ ಕಷ್ಟ. 2019ರ ಸೆಪ್ಟೆಂಬರ್ 1ರಿಂದ ಲೈಸೆನ್ಸ್ ಇಲ್ಲದೆ ಬಿಟ್ಟವರಿಗೆ 5,000 ರೂಪಾಯಿ ದಂಡ, ಬಿಡಲು ಕೊಟ್ಟವರಿಗೂ ಅಷ್ಟೇ. 18 ತುಂಬದ ಮಕ್ಕಳು ಬಿಟ್ಟು ಅಪರಾಧವಾದರೆ ಪೋಷಕರಿಗೆ ಅಥವಾ ಮಾಲೀಕರಿಗೆ 25,000 ದಂಡ, ಮೂರು ವರ್ಷದವರೆಗೆ ಜೈಲು. ಪ್ರೀತಿಯಿಂದ ಕೀ ಕೊಟ್ಟದ್ದು ಅಂದರೆ ನ್ಯಾಯಾಲಯ ಬಿಡುವುದಿಲ್ಲ.

ಒಬ್ಬನ ಹೆಸರು ಮಾತ್ರ ಇದ್ದರೆ ಏನಾಗ್ತದೆ ಅಂತ ಇನ್ನೊಂದು ಕಡೆಯಿಂದಲೂ ಯೋಚಿಸಿ. ನಿಯಮಕ್ಕೆ ಹೆದರುವ ಪಾಪದವನಾದರೆ ನಿದ್ದೆ ಎಳೆಯುತ್ತಿದ್ದರೂ ತಾನೇ ಬಿಡ್ತಾನೆ. ನನಗೆ ಹೆಚ್ಚು ಹೆದರಿಕೆ ಅದರದ್ದೇ. ದಂಡ ಕಟ್ಟಬಹುದು, ಬಂಪರ್ ಹಾಕಿಸಬಹುದು, ಘಾಟಿಯ ತಿರುವಿನಲ್ಲಿ ಕಣ್ಣು ಮುಚ್ಚಿದರೆ ಮಾಡುವುದೇನು? ಎರಡನೆಯ ಹೆಸರು ಬರೆಸುವುದು ಕಂಪೆನಿಯವರ ಸಮಾಧಾನಕ್ಕಲ್ಲ ಮಾರಾಯ್ರೆ. ಸುಸ್ತಾದವ ಅಳುಕಿಲ್ಲದೆ ಕೀ ಕೊಟ್ಟು ಹಿಂದಿನ ಸೀಟಿನಲ್ಲಿ ಮಲಗಲಿ ಅಂತ. ಭಾವನ ಲೈಸೆನ್ಸಿನ ತಾರೀಕು ಒಮ್ಮೆ ನೋಡಲು ಹೇಳಿ, ಬುಕ್ ಮಾಡುವಾಗಲೇ ಅವನ ಹೆಸರೂ ಹಾಕಿಸಲಿ.