ಕಲ್ಲಿನ ಲೆಕ್ಕ

ಉಳ್ಳಾಲದ ತೀರ. ಜುಲೈ ಮಳೆ. ಕೊಡೆ ಹಿಡಿದ ಎಂಜಿನಿಯರ್. ಮೀನಿನ ಬುಟ್ಟಿ ಮಗುಚಿ ಅದರ ಮೇಲೆ ಕೂತ ಅಜ್ಜಿ.

"ಅಮ್ಮ, ಇಲ್ಲಿ ಕಲ್ಲು ಹಾಕಿದ್ದೆವಲ್ಲ, ಎಲ್ಲಿ?"

"ಹೋದ ವರ್ಷದ್ದಾ, ಅದರ ಹಿಂದಿನ ವರ್ಷದ್ದಾ?"

"ಹೋದ ವರ್ಷದ್ದು."

"ಅದು ಹಿಂದಿನದ್ದರ ಮೇಲೆ ಕೂತಿದೆ. ಹಿಂದಿನದ್ದು ಮರಳಿನಡಿ ಉಂಟು. ಬೇಕಾದ್ರೆ ಇಳಿದು ಎಣಿಸಿ."

"ಬೇಡ, ಬಿಲ್ಲಿನಲ್ಲಿ ಲೆಕ್ಕ ಉಂಟು. ಕಲ್ಲಿನ ತಡೆಗೋಡೆಯ ಹಿಂದಿನ ಮನೆಗಳೆಲ್ಲ ಭದ್ರ, ನೋಡಿ."

"ನನ್ನದು ಗೋಡೆ ಮುಗಿಯುವಲ್ಲಿ ಮಾರಾಯ್ರೆ. ತೆರೆ ಸುತ್ತಿ ಬಂದು ಅಡುಗೆಕೋಣೆ ಕೊಂಡೋಯ್ತು. ಒಲೆಯ ಮೇಲಿನ ಗಂಜಿ ಸಮೇತ."

"ಅದಕ್ಕೆ ಗೋಡೆಯಂಚಿನ ಕೊರೆತ ಅಂತ ಹೆಸರು."

"ಹೆಸರಿಟ್ಟಾಯ್ತಾ? ನಾಮಕರಣದ ಊಟ ಯಾವಾಗ?"

"ಪರಿಹಾರ ಉಂಟು. ಗೋಡೆಯನ್ನು ನಿಮ್ಮ ಮನೆಯವರೆಗೆ ಎಳೆಯುವುದು."

"ಆಮೇಲೆ ಪಕ್ಕದ ಮನೆ?"

"ಮುಂದಿನ ಟೆಂಡರ್."

"ಹೀಗೇ ಹೋದ್ರೆ ತಲಪಾಡಿ ದಾಟಿ ಕಾಸರಗೋಡು ಬರ್ತದೆ."

"ಅದು ಕೇರಳ. ಅಲ್ಲಿ ಬೇರೆ ಎಂಜಿನಿಯರ್."

"ಮೊದಲು ಮರಳನ್ನು ನೇತ್ರಾವತಿಯೇ ತರ್ತಿತ್ತು. ಈಗ ನದಿಗೆ ಅಣೆಕಟ್ಟು, ಅಳಿವೆಗೆ ಕಲ್ಲು, ಉಳಿದ ಮರಳು ಲಾರಿಗೆ. ಇದ್ದ ಮರಳನ್ನು ಅಡುಂಬು ಬಳ್ಳಿ ಹಿಡಿದಿಟ್ಟಿತ್ತು, ಅದನ್ನೂ ಕಿತ್ತಾಯ್ತು."

"ಬಳ್ಳಿಗೆ ಟೆಂಡರ್ ಕರೆಯುವುದು ಹೇಗಮ್ಮ? ಅದು ತನ್ನಷ್ಟಕ್ಕೆ ಬೆಳೀತದೆ. ಈಗ ಸಮುದ್ರವೇ ಏರ್ತಾ ಉಂಟು, ಹವಾಮಾನ ಬದಲಾವಣೆ."

"ಕಡಲತೀರದಲ್ಲಿ ಮನೆ ಕಟ್ಟುವ ಕಾನೂನೂ ಬದಲಾಯ್ತಂತೆ?"

"ಹೌದು, 2019ರಲ್ಲಿ. ಜನ ಒತ್ತಾಗಿರುವ ಹಳ್ಳಿಗಳಲ್ಲಿ ಕಟ್ಟಡ ಕಟ್ಟಬಾರದ ಜಾಗ 200 ಮೀಟರಿನಿಂದ 50ಕ್ಕೆ ಇಳಿದಿದೆ."

"ಅಂದ್ರೆ ಕಡಲು ಮೇಲೆ ಬರ್ತಾ ಉಂಟು, ನಾವು ಕೆಳಗೆ ಇಳಿಯುವುದು. ನಡುದಾರಿಯಲ್ಲಿ ಸಿಕ್ಕೀತು."

ಎಂಜಿನಿಯರ್ ಕಡತದಲ್ಲಿ 'ಸ್ಥಳೀಯರೊಂದಿಗೆ ಸಮಾಲೋಚನೆ ನಡೆಸಲಾಯಿತು' ಎಂದು ಬರೆದುಕೊಂಡರು.

"ಅದಿರಲಿ, ನಿಮ್ಮ ಜೀಪು ಎಲ್ಲಿ ನಿಲ್ಲಿಸಿದ್ದು?"

"ಅಲ್ಲೇ, ಗೋಡೆ ಮುಗಿಯುವಲ್ಲಿ."

"ಬೇಗ ಓಡಿ ಮಾರಾಯ್ರೆ. ಭರತ ಶುರುವಾಯ್ತು."