ಮತ್ತೆ ಮೊದಲನೇ ವಾರ

ಕೆಜಿಎಫ್‌ನಿಂದ ದಿನಾ ಬೆಂಗಳೂರಿಗೆ ರೈಲಿನಲ್ಲಿ ಹೋಗಿ ಬರುವವರಲ್ಲಿ ಈಚೆಗೆ ಹೊಸ ತಳಿಯೊಂದು ಕಾಣಿಸಿಕೊಂಡಿದೆ. ವಯಸ್ಸು ನಲವತ್ತರ ಆಚೀಚೆ, ಪ್ಯಾಂಟಿನ ಕೆಳಗೆ ಗಿಳಿಹಸಿರು ಬೂಟು. ಮಾರಿಕುಪ್ಪಂನಲ್ಲಿ ಹತ್ತಿ ಚಾಂಪಿಯನ್, ಊರ್ಗಾಂ, ಕೋರಮಂಡಲ್ ದಾಟುವಷ್ಟರಲ್ಲಿ ತಮ್ಮ ಮಂಡಿಯ ಕ್ಷೇಮಸಮಾಚಾರ ಮುಗಿಸಿರುತ್ತಾರೆ. ಬಂಗಾರಪೇಟೆ ಬರುವ ಹೊತ್ತಿಗೆ ಎದುರು ಕೂತವರಿಗೆ ಅವರ ಮಂಡಿಯ ಮೇಲೇ ಅನುಮಾನ ಹುಟ್ಟಿಸಿರುತ್ತಾರೆ.

ಇವರ ಫೋನಿನಲ್ಲಿರುವುದು ಜಾಶ್ ಕ್ಲಾರ್ಕ್ ಎಂಬಾತ 1996ರಲ್ಲಿ ರೂಪಿಸಿದ, ಓಟ ಕಲಿಸುವ ‘ಕೌಚ್ ಟು 5ಕೆ’ ಕ್ರಮ. ವಾರಕ್ಕೆ ಮೂರು ದಿನದಂತೆ ಒಂಬತ್ತು ವಾರ. ಕೊನೆಗೆ ಅರ್ಧ ಗಂಟೆ ನಿಲ್ಲದೆ ಓಡಬೇಕು. ಮೊದಲನೇ ವಾರ 60 ಸೆಕೆಂಡ್ ಓಟ, 90 ಸೆಕೆಂಡ್ ನಡಿಗೆ. ಓಟಕ್ಕಿಂತ ನಡಿಗೆಯೇ ಜಾಸ್ತಿ ಇರುವ ಓಟ ಯಾರಿಗೆ ಬೇಡ? ಆ ವಾರದಲ್ಲೇ ಕೈಗಡಿಯಾರ, ಸೊಂಟದ ಪಟ್ಟಿ, ನೀರಿನ ಬಾಟಲಿ ಎಲ್ಲ ಬಂದಾಗಿರುತ್ತದೆ.

ಪಕ್ಕದ ಮನೆಯ ತಾತ ಚಾಂಪಿಯನ್ ರೀಫ್ ಗಣಿಯಲ್ಲಿ ದುಡಿದವರು. ಇವರು ‘ಇವತ್ತು ಮೂರು ಕಿಲೋಮೀಟರ್’ ಅಂತ ಫೋನ್ ತೋರಿಸಿದರೆ, ‘ಮೂರಾ? ನಮ್ಮ ಗಣಿ ಅಷ್ಟು ಆಳಾನೇ ಇತ್ತಲ್ಲಪ್ಪ. ಇಳಿದು ಬಂದ ಮೇಲೆ ನಾವು ಯಾರಿಗೂ ಫೋಟೋ ತೋರಿಸ್ಲಿಲ್ಲ’ ಎನ್ನುತ್ತಾರೆ.

ಗಂಡಾಂತರ ಇರುವುದು ಐದನೇ ವಾರದಲ್ಲಿ. ಮೊದಲ ದಿನ ಐದೈದು ನಿಮಿಷದಂತೆ ಮೂರು ಸಲ. ಎರಡನೇ ದಿನ ಎಂಟೆಂಟರಂತೆ ಎರಡು ಸಲ. ಮೂರನೇ ದಿನ, ಮಗ್ಗಿ ಕೇಳುತ್ತಿದ್ದ ಮೇಷ್ಟ್ರು ಇದ್ದಕ್ಕಿದ್ದಂತೆ ಬೀಜಗಣಿತ ಕೊಟ್ಟ ಹಾಗೆ, ಒಂದೇ ಉಸಿರಿಗೆ 20 ನಿಮಿಷ! ಅವತ್ತು ಬೆಳಗ್ಗೆ ಇವರು ಬಾಗಿಲಲ್ಲೇ ನಿಂತು ಗಾಳಿ ಪರೀಕ್ಷಿಸುತ್ತಾರೆ. ‘ಸೈನೈಡ್ ದಿಬ್ಬದ ಧೂಳು ಏಳ್ತಾ ಇದೆ. ಶ್ವಾಸಕೋಶಕ್ಕೆ ಒಳ್ಳೇದಲ್ಲ.’ ಪೂರ್ತಿ ಸುಳ್ಳೂ ಅಲ್ಲ. 2001ರಲ್ಲಿ ಗಣಿ ಮುಚ್ಚಿತು, ಚಿನ್ನ ತೆಗೆದು ಸುರಿದ ಮಣ್ಣಿನ ದಿಬ್ಬ ಎಲ್ಲಿಗೂ ಹೋಗಲಿಲ್ಲ. ಇನ್ನರ್ಧ ಕಾರಣ ಹೊಟ್ಟೆಯಲ್ಲಿದೆ: ಹಿಂದಿನ ಸಂಜೆ ಬಂಗಾರಪೇಟೆಯಲ್ಲಿ ಇಳಿದು ತಿಂದ ಪಾನಿಪುರಿ. ಅಲ್ಲಿನ ಪಾನಿಗೆ ಬಣ್ಣವೇ ಇಲ್ಲ; ‘ಬರೀ ನೀರು ತಾನೇ’ ಅಂತ ಎರಡನೇ ಪ್ಲೇಟೂ ಆಗಿರುತ್ತದೆ.

ಸೋತೆ ಅಂತ ಮಾತ್ರ ಇವರು ಒಪ್ಪುವುದಿಲ್ಲ. ‘ತಳಪಾಯ ಗಟ್ಟಿ ಮಾಡ್ಕೋಬೇಕು’ ಅಂತ ಮೊದಲನೇ ವಾರಕ್ಕೆ ಮರಳುತ್ತಾರೆ. ಹೀಗೆ ಮರಳಿ ಮರಳಿ ಮೊದಲ ನಾಲ್ಕು ವಾರಗಳಲ್ಲಿ ಇವರನ್ನು ಮೀರಿಸುವವರಿಲ್ಲ. ಬೋಗಿಯಲ್ಲಿ ಆಗಲೇ ಇಬ್ಬರು ಶಿಷ್ಯರಿದ್ದಾರೆ. ಒಬ್ಬ ಆರನೇ ವಾರ ಮುಟ್ಟಿದ ಮೇಲೆ ಗುರುಗಳು ಅವನ ಜೊತೆ ಅಷ್ಟಾಗಿ ಮಾತಾಡುತ್ತಿಲ್ಲ.

ಮೊನ್ನೆ ಮಾರಿಕುಪ್ಪಂನಲ್ಲಿ ಗಾಡಿ ಕದಲಿಯೇಬಿಟ್ಟಿತ್ತು. ಗೇಟಿನ ಕಡೆಯಿಂದ ಇವರು ಬಂದರು ನೋಡಿ: ಒಂದು ಕೈಯಲ್ಲಿ ಟಿಫನ್ ಬ್ಯಾಗು, ಇನ್ನೊಂದರಲ್ಲಿ ಜಾರುತ್ತಿದ್ದ ಕನ್ನಡಕ, ಪ್ಲಾಟ್‌ಫಾರಂ ಉದ್ದಕ್ಕೂ ಒಂದೇ ಓಟ. ಕೊನೆಯ ಬೋಗಿಗೆ ಹತ್ತಿಯೂಬಿಟ್ಟರು, ಏದುಸಿರೂ ಇಲ್ಲ.

‘ಸಾರ್, ಭೇಷ್! ಇದನ್ನೂ ಫೋನಿಗೆ ಹಾಕ್ಕೊಳ್ಳಿ’ ಎಂದರು ಯಾರೋ.

‘ಇಲ್ಲಪ್ಪ’ ಎಂದರು, ಕನ್ನಡಕ ಒರೆಸಿಕೊಳ್ಳುತ್ತಾ. ‘ಮೊದಲು ಐದು ನಿಮಿಷ ನಡೀಬೇಕು. ನಡೀಲಿಲ್ಲ. ಇದು ಲೆಕ್ಕಕ್ಕೆ ಬರಲ್ಲ.’