ಹಿಡಿತ ಮೀಮಾಂಸೆ

ಪೇಂಟ್‌ಬಾಲ್ ಮಾರ್ಕರ್ ಅಂದರೆ ಮರಕ್ಕೂ ದನಕ್ಕೂ ದೂರದಿಂದ ಬಣ್ಣದ ಗುರುತು ಹಾಕಲೆಂದು ಅಮೆರಿಕದಲ್ಲಿ ಹುಟ್ಟಿ, 1981ರಲ್ಲಿ ಆಟದ ಸಾಮಾನಾಗಿ ಬಡ್ತಿ ಪಡೆದ ಬಂದೂಕು. ಅದರ ಅಲ್ಯೂಮಿನಿಯಂ ಬಾಡಿಯನ್ನು ಕೆತ್ತಿ, ತೂಕ ಇಳಿಸಿ, ಬಣ್ಣ ಬದಲಿಸಿ ಮೆರೆಯುವ ಶೋಕಿಲಾಲರು ಉಂಟು. ಬಾಡಿ ಕೆಟ್ಟಾಗ ಅವರು ಕಟರನ್ನು ಬೈಯುತ್ತಾರೆ. ಈ ಶಾಸ್ತ್ರದ ಪ್ರಕಾರ ಕಟರ್ ನಿರಪರಾಧಿ. ಕೆಡುವುದು ಕೊರೆಯುವುದರಿಂದಲ್ಲ, ಹಿಡಿಯುವುದರಿಂದ. ಆದ್ದರಿಂದ ಹಿಡಿತವನ್ನೇ ವರ್ಗೀಕರಿಸಲಾಗಿದೆ.

ಈ ಶಾಸ್ತ್ರಕ್ಕೆ ಬೆಳಗಾವಿ ಜಿಲ್ಲೆಯ ಹುಕ್ಕೇರಿ ತಾಲ್ಲೂಕೇ ಪ್ರಶಸ್ತ. ಹತ್ತರಗಿಯ ಏಕಸ್ ಕೈಗಾರಿಕಾ ವಲಯದಲ್ಲಿ ವಿಮಾನದ ಬಿಡಿಭಾಗ ಕಡೆಯುತ್ತಾರೆ; ಅಲ್ಲಿಂದ ಹೆದ್ದಾರಿಯಲ್ಲಿ ಸಂಕೇಶ್ವರ ದಾಟಿದರೆ ಕಣಗಲಾ. ಅದರ ಮಹತ್ವ ಮುಂದೆ ತಿಳಿಯುವುದು.

ಮೊದಲನೆಯದು ರಾಕ್ಷಸ ಹಿಡಿತ: ಹಲ್ಲಿರುವ ಬೆಂಚ್ ವೈಸ್, ಅದರ ಹಿಡಿಕೆಗೆ ಒಂದು ಪೈಪು, ಪೈಪಿಗೆ ಒಬ್ಬ ಹುಡುಗ. ‘ತಮ್ಮಾ, ಸ್ವಲ್ಪ ಸಡ್ಲ ಹಿಡಿಯೋ’ ಎಂದು ಮಿಸ್ತ್ರಿ ಹೇಳುವಷ್ಟರಲ್ಲಿ ಹಲ್ಲಿನ ಅಚ್ಚು ಮೂಡಿರುತ್ತದೆ. ಪರಿಹಾರ ಸುಲಭ: ಬಾಡಿಯ ಆಕಾರಕ್ಕೇ ಕಡೆದ ಅಲ್ಯೂಮಿನಿಯಂ ಸಾಫ್ಟ್ ಜಾ, ಇಲ್ಲವೇ ಎರಡು ತುಂಡು ತಾಮ್ರದ ತಗಡು.

ಎರಡನೆಯದು ತ್ರಿದಂಷ್ಟ್ರ ಹಿಡಿತ. ಇದರ ಪಾಪ ಕಣ್ಣಿಗೆ ಕಾಣದು. ಲೇಥಿನ ಚಕ್ಕಿನ ಮೂರು ದವಡೆ ಕಚ್ಚಿದಾಗ ತೆಳು ಗೋಡೆಯ ಕೊಳವೆ ಮೂರು ಕಡೆ ತುಸು ಒಳಬಾಗುತ್ತದೆ. ಅಲ್ಯೂಮಿನಿಯಂ ಅಂತೂ ಉಕ್ಕಿನ ಮೂರು ಪಟ್ಟು ಬಾಗುವ ಜಾತಿ. ಆ ಭಂಗಿಯಲ್ಲೇ ಬೋರ್ ಹೊಡೆದರೆ ತೂತು ಗುಂಡಗೇ ಬರುತ್ತದೆ, ಡಯಲಿನ ಮುಳ್ಳು ಅಲುಗುವುದಿಲ್ಲ, ಎಲ್ಲರೂ ಚಹಾಕ್ಕೆ ಹೋಗುತ್ತಾರೆ. ಚಕ್ ಸಡಿಲಿಸಿದ ಕ್ಷಣ ಗೋಡೆ ತನ್ನ ಜಾಗಕ್ಕೆ ಮರಳುತ್ತದೆ, ಗುಂಡಗಿದ್ದ ತೂತು ಮುಮ್ಮೂಲೆಯಾಗುತ್ತದೆ. ಅದರಲ್ಲಿ ಓಡಬೇಕಾದ್ದು ಸುಮಾರು 17.3 ಮಿಲಿಮೀಟರಿನ, ಜೆಲಟಿನ್ ಸಿಪ್ಪೆಯ ಬಣ್ಣದ ಗುಂಡು!

ಮೂರನೆಯದು ಸಾತ್ವಿಕ ಹಿಡಿತ: ಬೋರಿನೊಳಗೆ ಮ್ಯಾಂಡ್ರೆಲ್ ಎಂಬ ದಿಂಡು ಹಾಕಿ ಒಳಗಿನಿಂದ ಹಿಡಿದು ಹೊರಮೈ ಕಡೆಯುವುದು. ಇದರ ಪ್ರಮಾಣಕ್ಕೆ ಕಣಗಲಾ. ಅಲ್ಲಿ 1985ರಿಂದ ಎಚ್‌ಎಲ್‌ಎಲ್ ಕಂಪನಿಯ ಕಾಂಡೋಮ್ ಕಾರ್ಖಾನೆ ಇದೆ. ಆ ಉದ್ಯಮದ ಪರೀಕ್ಷೆಯೂ ಮ್ಯಾಂಡ್ರೆಲ್ ಮೇಲೆಯೇ: ಒಂದೊಂದನ್ನೂ ಲೋಹದ ಅಚ್ಚಿಗೆ ಏರಿಸಿ ವಿದ್ಯುತ್ತು ಕೊಡುತ್ತಾರೆ, ಸೂಜಿಮೊನೆಯಷ್ಟು ತೂತಿದ್ದರೂ ಕರೆಂಟು ಹಾದು ಗುಟ್ಟು ರಟ್ಟಾಗುತ್ತದೆ. ಮಿಲಿಮೀಟರಿನ ಹತ್ತರಲ್ಲೊಂದು ಪಾಲಿಗಿಂತ ತೆಳುವಾದ ಪದಾರ್ಥವೇ ಈ ಹಿಡಿತವನ್ನು ತಾಳಿಕೊಂಡಿರುವಾಗ ಅಲ್ಯೂಮಿನಿಯಂ ತಕರಾರು ಎತ್ತುವಂತಿಲ್ಲ. (ಈ ಉದಾಹರಣೆಯನ್ನು ಐಟಿಐ ತರಗತಿಯಲ್ಲಿ ಕೊಡುವ ಧೈರ್ಯ ಯಾವ ಮೇಷ್ಟ್ರಿಗೂ ಬರಲಿಕ್ಕಿಲ್ಲ.)

ಆನೊಡೈಸಿಂಗ್ ಹಿಡಿತವಲ್ಲ, ಹೊದಿಕೆ; ಆದರೂ ಒಂದು ಮಾತು. 50 ಮೈಕ್ರಾನ್ ಹಾರ್ಡ್ ಆನೊಡೈಸ್ ಮಾಡಿದರೆ ಅರ್ಧ ಲೋಹದೊಳಗೆ ಇಳಿಯುತ್ತದೆ, ಅರ್ಧ ಮೇಲೆ ಬೆಳೆಯುತ್ತದೆ. ಹಾಗಾಗಿ ತೂತಿನ ವ್ಯಾಸ 50 ಮೈಕ್ರಾನ್ ಕುಗ್ಗುತ್ತದೆ. ಅಷ್ಟು ಜಾಗ ಮೊದಲೇ ಬಿಡಬೇಕು, ಕೆತ್ತನೆ ಮೊದಲೇ ಮುಗಿಸಬೇಕು. ಗುಂಡು ಹಾರಿಸುವ ಗ್ಯಾಸ್ ಬರುವ ದಾರಿಯ ಗೋಡೆಯನ್ನಂತೂ ತೆಳುಮಾಡಲೇಬಾರದು: 20 ಡಿಗ್ರಿಯಲ್ಲಿ ಸಿಲಿಂಡರಿನ ಕಾರ್ಬನ್ ಡೈಆಕ್ಸೈಡ್ ಸುಮಾರು 57 ಬಾರ್ ಒತ್ತುತ್ತದೆ, ಬೆಳಗಾವಿ ಜಿಲ್ಲೆಯ ಏಪ್ರಿಲ್ 20 ಡಿಗ್ರಿಗೆ ನಿಲ್ಲುವುದಿಲ್ಲ.

ಇನ್ನು ಬಾಡಿಯನ್ನು ಎಡಗೈಯಲ್ಲೇ ಹಿಡಿದು ಬಲಗೈಯಲ್ಲಿ ಗ್ರೈಂಡರ್ ಒತ್ತುವವರು. ಇವರನ್ನು ನಾಲ್ಕನೆಯ ವರ್ಗವಾಗಿ ಸೇರಿಸಬೇಕೆಂಬ ವಾದವಿದೆ. ನಾವು ಒಪ್ಪಿಲ್ಲ, ಅದು ಸಂಕೇಶ್ವರದ ಡಾಕ್ಟರುಗಳು ಬರೆಯಬೇಕಾದ ಶಾಸ್ತ್ರ.